ಮಾರ್ಮನರೂ ಅಮೆರಿಕದ ಶಾಸನಸಭೆಯೂ

ಪ್ರಜೆಗಳು ಆರಿಸಿ ಕಳುಹಿದ ಪ್ರತಿನಿಧಿಯನ್ನು ಅವನ ಧರ್ಮದ ನಿಮಿತ್ತ ಸಭಾಭವನದ ಹೊಸ್ತಿಲಿನಲ್ಲಿಯೇ ತಡೆಯಬಹುದೆ? ತಡೆಯಕೂಡದೆಂದು ಹೇಳಿಬಿಡುವುದು ಸುಲಭ. ಆದರೆ ಆ ಪ್ರತಿನಿಧಿಯು ತನ್ನ ಧರ್ಮಗುರುವಿನ ಅಪ್ಪಣೆಯನ್ನು ದೈವಾಜ್ಞೆಯೆಂದು ಭಾವಿಸುವವನಾದರೆ, ಸಭೆಯಲ್ಲಿ ಅವನು ಕೊಡುವ ಮತವು ಅವನನ್ನು ಆರಿಸಿದವರದೋ, ಅವನ ಗುರುವಿನದೋ ಎಂಬ ಶಂಕೆಯು ಹುಟ್ಟದೆ ಇರದು. ಮಾರ್ಮನ್ ಪಂಥದವರ ವಿಷಯದಲ್ಲಿ ಅಮೆರಿಕದ ಜನರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಈ ಶಂಕೆಯನ್ನು ಪೋಷಿಸಿದರು. ಅದು ಹೇಗೆ ತೀರಿತೆಂಬುದು ಪ್ರಜಾಪ್ರಭುತ್ವವನ್ನು ನಂಬಿದ ಯಾವ ದೇಶದವರಾದರೂ ವಿಚಾರಿಸತಕ್ಕ ಸಂಗತಿಯೆಂದು ನಾವು ತಿಳಿಯುತ್ತೇವೆ.

೨೦೨೫ರ ಜನವರಿಯಲ್ಲಿ ಕೂಡಿದ ಅಮೆರಿಕದ ೧೧೯ನೆಯ ಕಾಂಗ್ರೆಸ್ಸಿಗೆ ಈ ಪಂಥದವರು ೯ ಮಂದಿ ಆರಿಸಿ ಬಂದರು; ಸೆನೆಟ್ಟಿಗೆ ಮೂವರು, ಪ್ರತಿನಿಧಿಸಭೆಗೆ ಆರು ಮಂದಿ. ೫೩೫ ಸ್ಥಾನಗಳಲ್ಲಿ ೯ ಎಂದರೆ ಶೇಕಡ ೨ಕ್ಕೆ ತುಸು ಕಡಿಮೆಯಾಯಿತು. ದೇಶದ ಜನಸಂಖ್ಯೆಯಲ್ಲಿ ಅವರ ಪಾಲೂ ಹೆಚ್ಚುಕಡಿಮೆ ಅಷ್ಟೇ. ೧೯೦೯ರ ಸುಧಾರಣೆಗಳು ನಮ್ಮ ದೇಶದಲ್ಲಿ ತಂದಿಟ್ಟಂಥ ಪ್ರತ್ಯೇಕ ಮತದಾರ ಕ್ಷೇತ್ರಗಳಾಗಲಿ, ಮೀಸಲು ಸ್ಥಾನಗಳಾಗಲಿ ಅವರಿಗೆ ಎಂದೂ ಇರಲಿಲ್ಲ. ಯೂಟಾ, ಐಡಾಹೊ, ಅರಿಜೋನಾ ಮೊದಲಾದ ಪಶ್ಚಿಮದ ಸಂಸ್ಥಾನಗಳಲ್ಲಿ ಅವರು ದಟ್ಟವಾಗಿ ನೆಲೆಸಿರುವುದೇ ಇದಕ್ಕೆ ಮುಖ್ಯ ಕಾರಣ. ಆ ನೆಲೆಯು ಅವರಿಗೆ ಸುಖದಿಂದ ದೊರೆತುದಲ್ಲ.

ಜೋಸೆಫ್ ಸ್ಮಿತ್ ಎಂಬವನು ನ್ಯೂಯಾರ್ಕ್ ಸಂಸ್ಥಾನದಲ್ಲಿ ೧೮೩೦ರಲ್ಲಿ ಈ ಪಂಥವನ್ನು ಸ್ಥಾಪಿಸಿದನು. 'ಮಾರ್ಮನ್' ಎಂಬುದು ಅವರ ಗ್ರಂಥದ ಹೆಸರಿನಿಂದ ಬಂದ ರೂಢನಾಮ. ಪಂಥದ ಪೂರ್ಣನಾಮಕ್ಕೆ 'ಕಡೆಯ ದಿನಗಳ ಸಂತರ ಯೇಸುಕ್ರಿಸ್ತನ ಸಭೆ' ಎಂದು ಅರ್ಥ. ನೆರೆಹೊರೆಯವರ ದ್ವೇಷವು ಅವರನ್ನು ಊರಿಂದೂರಿಗೆ ಅಟ್ಟಿತು. ಅವರನ್ನು ನಿರ್ಮೂಲ ಮಾಡಬೇಕು, ಇಲ್ಲವೆ ಹೊರದೂಡಬೇಕು ಎಂದು ಮಿಸ್ಸೂರಿಯ ಗವರ್ನರನು ೧೮೩೮ರಲ್ಲಿ ಆಜ್ಞೆ ಹೊರಡಿಸಿದನು; ಆ ಆಜ್ಞೆಯು ರದ್ದಾದುದು ೧೯೭೬ರಲ್ಲಿ! ೧೮೪೪ರಲ್ಲಿ ಸ್ಮಿತ್ತನು ಅಧ್ಯಕ್ಷಪದವಿಗೆ ಉಮೇದುವಾರನಾಗಿ ನಿಂತಿದ್ದಾಗಲೇ ಜನರ ಗುಂಪೊಂದು ಸೆರೆಮನೆಗೆ ನುಗ್ಗಿ ಅವನನ್ನು ಕೊಂದಿತು. ಬಳಿಕ ಬ್ರಿಗ್ಹಾಂ ಯಂಗನು ತನ್ನವರನ್ನು ಕರೆದುಕೊಂಡು ೧೮೪೭ರಲ್ಲಿ ದೊಡ್ಡ ಉಪ್ಪುಸರೋವರದ ಕಣಿವೆಗೆ ಬಂದನು. ಆ ಸೀಮೆಯೇ ಯೂಟಾ.

೧೮೫೨ರಲ್ಲಿ ಇವರು ಬಹುಪತ್ನೀತ್ವವನ್ನು ತಮ್ಮ ಧರ್ಮಾಚಾರವೆಂದು ಬಹಿರಂಗವಾಗಿ ಸಾರಿದುದರಿಂದ ರಾಷ್ಟ್ರವೆಲ್ಲ ಇವರ ಮೇಲೆ ಕೆರಳಿತು. ಕಾಂಗ್ರೆಸ್ಸು ಒಂದರ ಮೇಲೊಂದು ಕಾಯಿದೆಗಳನ್ನು ಮಾಡಿತು. ೧೮೭೯ರಲ್ಲಿ ರೆನಾಲ್ಡ್ಸ್ ಎಂಬವನ ಮೊಕದ್ದಮೆಯಲ್ಲಿ ಶ್ರೇಷ್ಠ ನ್ಯಾಯಾಲಯವು, ನಂಬಿಕೆಗೆ ಸ್ವಾತಂತ್ರ್ಯವುಂಟು, ನಂಬಿಕೆಯ ಹೆಸರಿನಲ್ಲಿ ಮಾಡುವ ಕ್ರಿಯೆಗಳಿಗೆಲ್ಲ ಇಲ್ಲವೆಂದು ತೀರ್ಪು ಕೊಟ್ಟಿತು. ಗಂಡನ ಚಿತೆಯನ್ನು ಏರುವುದೇ ಧರ್ಮವೆಂದು ಹೆಂಡತಿಯು ನಂಬಿದರೆ ಸರ್ಕಾರವು ಸುಮ್ಮನಿರಬೇಕೆ ಎಂಬ ದೃಷ್ಟಾಂತವನ್ನು ಆ ನ್ಯಾಯಾಧೀಶರು ಎತ್ತಿಕೊಂಡುದು ನಮ್ಮ ವಾಚಕರಿಗೆ ಸ್ವಾರಸ್ಯವಾಗಿ ಕಂಡೀತು. ೧೮೮೨ರಲ್ಲಿ ಯೂಟಾ ಪ್ರಾಂತದ ಪ್ರತಿನಿಧಿಯಾಗಿದ್ದ ಜಾರ್ಜ್ ಕ್ಯಾನನ್ ಎಂಬವನಿಗೆ, ಬಹುಪತ್ನಿಯರುಳ್ಳವನೆಂಬ ಕಾರಣದಿಂದ, ಸ್ಥಾನವಿಲ್ಲವೆಂದಾಯಿತು. ಕೊನೆಗೆ ೧೮೯೦ರಲ್ಲಿ ಪಂಥದ ಅಧ್ಯಕ್ಷರು ಇಂಥ ವಿವಾಹಗಳನ್ನು ಬಿಡತಕ್ಕುದೆಂದು ಘೋಷಣೆ ಮಾಡಿದರು. ಮರುವರ್ಷ ಮಾರ್ಮನರ ಪ್ರತ್ಯೇಕ ರಾಜಕೀಯ ಪಕ್ಷವು ವಿಸರ್ಜಿತವಾಯಿತು. ಅದರವರು ರಾಷ್ಟ್ರದ ಎರಡು ದೊಡ್ಡ ಪಕ್ಷಗಳಲ್ಲಿ ಹಂಚಿಹೋದರು. ೧೮೯೬ರಲ್ಲಿ ಯೂಟಾ ಸಂಸ್ಥಾನವಾಯಿತು.

ಆದರೂ ಬಾಗಿಲು ಪೂರಾ ತೆರೆಯಲಿಲ್ಲ. ೧೮೯೮ರಲ್ಲಿ ಡೆಮೊಕ್ರಾಟ್ ಪಕ್ಷದಿಂದ ಆರಿಸಿ ಬಂದ ಬಿ. ಎಚ್. ರಾಬರ್ಟ್ಸನಿಗೆ ಮೂವರು ಹೆಂಡಿರು. ೧೯೦೦ರ ಜನವರಿಯಲ್ಲಿ ಪ್ರತಿನಿಧಿಸಭೆಯು ೫೦ಕ್ಕೆ ವಿರುದ್ಧವಾಗಿ ೨೬೮ ಮತಗಳಿಂದ ಅವನನ್ನು ಒಳಗೆ ಸೇರಿಸದೆ ಹಿಂದಕ್ಕೆ ಕಳುಹಿತು.

ಇದಕ್ಕಿಂತ ಸೂಕ್ಷ್ಮವಾದುದು ರೀಡ್ ಸ್ಮೂಟನ ಪ್ರಸಂಗ. ೧೯೦೩ರಲ್ಲಿ ಯೂಟಾದಿಂದ ಸೆನೆಟ್ಟಿಗೆ ಬಂದ ಈತನಿಗೆ ಒಬ್ಬಳೇ ಹೆಂಡತಿ, ಕಾಯಿದೆಯನ್ನು ಮೀರಿದವನಲ್ಲ. ಆದರೆ ಪಂಥವನ್ನು ಆಳುವ ಹನ್ನೆರಡು ಮಂದಿ 'ಅಪೊಸ್ತಲ'ರಲ್ಲಿ ಅವನೊಬ್ಬನು. ಪಂಥದ ಅಧಿಕಾರಿಗಳು ಚುನಾವಣೆಗೆ ನಿಲ್ಲುವ ಮೊದಲು ಗುರುಗಳ ಅನುಮತಿಯನ್ನು ಪಡೆಯಬೇಕೆಂದು ೧೮೯೬ರಲ್ಲಿ ನಿಯಮವಾಗಿತ್ತು. ಅದಕ್ಕೆ ರುಜು ಹಾಕಲೊಲ್ಲದ ಮೋಸೆಸ್ ಥ್ಯಾಚರ್ ಎಂಬ ಅಪೊಸ್ತಲನನ್ನು ಪದವಿಯಿಂದ ತೆಗೆದಿದ್ದರು. ಸ್ಮೂಟನಾದರೋ ಅನುಮತಿಯನ್ನು ಪಡೆದು ಬಂದವನು. ಹೀಗಿರಲು, ಆತನು ಯೂಟಾದ ಪ್ರತಿನಿಧಿಯೋ, ಪಂಥದ ರಾಯಭಾರಿಯೋ ಎಂಬ ಆಕ್ಷೇಪವನ್ನು ಕೇವಲ ಮತಾಂಧತೆಯೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಸೆನೆಟ್ಟಿನ ಸಮಿತಿಯು ೧೯೦೪ರಿಂದ ಸಾಕ್ಷಿಗಳನ್ನು ವಿಚಾರಿಸಿತು; ಪಂಥದ ಅಧ್ಯಕ್ಷರೇ ಬಂದು ಉತ್ತರ ಹೇಳಬೇಕಾಯಿತು. ಸಾಕ್ಷ್ಯಗಳ ಬರಹವು ಮೂರು ಸಾವಿರ ಪುಟಗಳನ್ನು ದಾಟಿತು. ಮಹಿಳಾ ಸಂಘಗಳಿಂದ ಮನವಿಗಳು ಹೊಳೆಯಂತೆ ಹರಿದುಬಂದವು. ಸಮಿತಿಯ ಬಹುಮತವು ಅವನಿಗೆ ವಿರುದ್ಧವಾಗಿಯೇ ವರದಿ ಮಾಡಿತು. ಆದರೆ ೧೯೦೭ರ ಫೆಬ್ರವರಿ ೨೦ರಂದು ಪೂರ್ಣಸಭೆಯು ೨೮ಕ್ಕೆ ವಿರುದ್ಧವಾಗಿ ೪೨ ಮತಗಳಿಂದ ಅವನನ್ನು ಉಳಿಸಿಕೊಂಡಿತು.

ಆಮೇಲೆ ನಡೆದುದನ್ನು ನೋಡಿರಿ. ಸ್ಮೂಟನು ೧೯೩೩ರ ವರೆಗೆ ಮೂವತ್ತು ವರ್ಷ ಸೆನೆಟ್ಟಿನಲ್ಲಿದ್ದು ಅರ್ಥಸಮಿತಿಯ ಅಧ್ಯಕ್ಷನಾದನು. ಇಂದು ಲೋಕವು ಅವನನ್ನು ನೆನೆಯುವುದು ೧೯೩೦ರ ಸ್ಮೂಟ್-ಹಾಲಿ ಸುಂಕದ ಕಾಯಿದೆಗಾಗಿ. ವಿದೇಶೀ ಸರಕುಗಳ ಮೇಲೆ ಸುಂಕವನ್ನೇರಿಸಿ ವ್ಯಾಪಾರವನ್ನು ಕುಗ್ಗಿಸಿತೆಂದು ಅರ್ಥಶಾಸ್ತ್ರಜ್ಞರು ಆ ಕಾಯಿದೆಯನ್ನು ಇಂದಿಗೂ ದೂರುತ್ತಾರೆ. ಯಾವನು ಪ್ರವಾದಿಯ ಹೆಸರಿನಲ್ಲಿ ದೇಶವನ್ನಾಳುವನೆಂದು ಹೆದರಿದರೋ ಅವನು ಮಾಡಿದ ತಪ್ಪು ಕೇವಲ ಲೌಕಿಕವಾದುದು. ೧೯೩೨ರಲ್ಲಿ ಅವನನ್ನು ಸೋಲಿಸಿದ ಎಲ್ಬರ್ಟ್ ಥಾಮಸನೂ ಮಾರ್ಮನನೇ, ಆದರೆ ಎದುರು ಪಕ್ಷದವನು. ಅಪೊಸ್ತಲನನ್ನು ಮನೆಗೆ ಕಳುಹಿದವರು ಯೂಟಾದ ಮತದಾರರೇ. ವಿಚಾರಣಾಸಮಿತಿಯು ಮೂರು ಸಾವಿರ ಪುಟಗಳಲ್ಲಿ ಹುಡುಕಿದ ಉತ್ತರವನ್ನು ಅವರು ಒಂದು ಚುನಾವಣೆಯಲ್ಲಿ ಕೊಟ್ಟರು.

ಇನ್ನೂ ಸ್ಪಷ್ಟವಾದ ನಿದರ್ಶನವು ೨೦೧೨ರದು. ಆ ವರ್ಷ ರಿಪಬ್ಲಿಕನ್ ಪಕ್ಷದ ಅಧ್ಯಕ್ಷಪದವಿಯ ಉಮೇದುವಾರರಾಗಿದ್ದ ಮಿಟ್ ರಾಮ್ನಿಯವರೂ, ಸೆನೆಟ್ಟಿನಲ್ಲಿ ಡೆಮೊಕ್ರಾಟರ ಬಹುಮತದ ನಾಯಕರಾಗಿದ್ದು ಅವರನ್ನು ತೀವ್ರವಾಗಿ ಖಂಡಿಸಿದ ಹ್ಯಾರಿ ರೀಡ್ ಅವರೂ ಒಂದೇ ಪಂಥದವರು! ಗುರುಪೀಠವು ಮತಗಳನ್ನು ಮೂಟೆ ಕಟ್ಟಿ ಒಪ್ಪಿಸುವುದೆಂಬ ಮಾತಿಗೆ ಇದಕ್ಕಿಂತ ಬೇರೆ ಖಂಡನೆ ಬೇಕಿಲ್ಲ. ಇನ್ನು ಕಾನೂನಿನ ಮಾತು: ಸಂವಿಧಾನದ ಅರ್ಹತೆಗಳುಳ್ಳ ಚುನಾಯಿತ ಸದಸ್ಯನನ್ನು ಸಭೆಯು ಹೊರಗಿಡಲಾಗದೆಂದು ಶ್ರೇಷ್ಠ ನ್ಯಾಯಾಲಯವು ೧೯೬೯ರಲ್ಲಿ, ಪೊವೆಲ್ ಎಂಬ ಸದಸ್ಯರ ಮೊಕದ್ದಮೆಯಲ್ಲಿ, ತೀರ್ಮಾನಿಸಿತು. ರಾಬರ್ಟ್ಸನಿಗೆ ಮುಚ್ಚಿದ ಬಾಗಿಲನ್ನು ಮತ್ತೊಬ್ಬನಿಗೆ ಹಾಗೆ ಮುಚ್ಚುವಂತಿಲ್ಲ.

ಆದರೆ ನಾವು ಒಂದು ಮಾತನ್ನು ಹೇಳದೆ ಇರಲಾರೆವು. ೨೦೨೫ರಲ್ಲಿ ಬಂದ ಆ ೯ ಮಂದಿಯೂ ರಿಪಬ್ಲಿಕನರೇ. ರೀಡರಂಥವರ ಸಾಲು ಬರಿದಾಗಿತ್ತು. ಪಂಥವು ತಾನು ಯಾವ ಪಕ್ಷಕ್ಕೂ ಸೇರಿದುದಲ್ಲವೆಂದು ಸಾರುತ್ತದೆ; ೧೮೯೧ರಲ್ಲಿ ತನ್ನವರು ಎರಡು ಪಕ್ಷಗಳಲ್ಲಿಯೂ ಹರಡಿಕೊಳ್ಳುವುದೇ ಕ್ಷೇಮವೆಂದು ಅದರ ಹಿರಿಯರು ಕಂಡುಕೊಂಡಿದ್ದರು. ಅಂದು ಕೇಳುತ್ತಿದ್ದ ಪ್ರಶ್ನೆಯು, ಪ್ರತಿನಿಧಿಯು ಗುರುವಿಗೆ ಅಧೀನನೋ ಎಂಬುದು. ಈಗ ಕೇಳಬೇಕಾದುದು, ಅವನು ಪಕ್ಷಕ್ಕೆ ಅಧೀನನೋ ಎಂಬುದು. ೨೦೨೦ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪರ ಮೇಲಿನ ದೋಷಾರೋಪದ ವಿಚಾರಣೆಯಲ್ಲಿ ರಾಮ್ನಿಯವರು ದೇವರ ಮುಂದೆ ಮಾಡಿದ ಪ್ರಮಾಣವನ್ನು ನೆನೆದು, ತಮ್ಮ ಪಕ್ಷದ ಅಧ್ಯಕ್ಷರೇ ಅಪರಾಧಿಯೆಂದು ಮತವಿತ್ತರು. ಸ್ವಪಕ್ಷದ ಅಧ್ಯಕ್ಷನ ವಿರುದ್ಧ ಹಾಗೆ ಮತವಿತ್ತ ಸೆನೆಟರು ಅದಕ್ಕೆ ಮೊದಲು ಒಬ್ಬರೂ ಇರಲಿಲ್ಲ. ಯಾವ ಭಕ್ತಿಯು ಸ್ವತಂತ್ರ ಬುದ್ಧಿಗೆ ಕಂಟಕವೆಂದು ೧೯೦೪ರಲ್ಲಿ ಶಂಕಿಸಿದರೋ ಅದೇ ಭಕ್ತಿಯು ಇಲ್ಲಿ ಆ ಸ್ವಾತಂತ್ರ್ಯಕ್ಕೆ ಊರುಗೋಲಾಯಿತು.

ಅಲ್ಪಸಂಖ್ಯಾತರ ಪ್ರಾತಿನಿಧ್ಯವನ್ನು ತಲೆಗಳನ್ನೆಣಿಸಿ ಅಳೆಯುವುದು ರೂಢಿ. ಆ ಲೆಕ್ಕದಿಂದ ಮಾರ್ಮನರಿಗೆ ಕೊರತೆಯಿಲ್ಲ. ಆದರೆ ತಮ್ಮವರು ಒಂದೇ ಬೆಂಚಿನಲ್ಲಿ ಒತ್ತಾಗಿ ಕುಳಿತುದಕ್ಕಿಂತ, ಎದುರುಬದುರು ಕುಳಿತು ವಾದಿಸಿದಾಗಲೇ ಆ ಪಂಥವು ರಾಷ್ಟ್ರದ ವಿಶ್ವಾಸವನ್ನು ಹೆಚ್ಚಾಗಿ ಗಳಿಸಿತೆಂಬುದು ನಮ್ಮ ಅಭಿಪ್ರಾಯ.