ಘಾಟಿ ಇಳಿಯುವ ಲಾರಿ

ಮೂಟೆ ಲಾರಿಗೆ ಏರಿದೊಡನೆ ನಮ್ಮ ಜವಾಬ್ದಾರಿ ತೀರಿತೆಂದು ಸದಸ್ಯರು ಮನೆಗೆ ಹೊರಡುತ್ತೇವೆ. ಚಾಲಕನ ಕೆಲಸ ಶುರುವಾಗುವುದೇ ಆಗ.

ಸಕಲೇಶಪುರದಿಂದ ಮಂಗಳೂರಿಗೆ ಹೊರಟ ಲಾರಿ ಮಾರನಹಳ್ಳಿ ದಾಟಿ, ಶಿರಾಡಿ ಘಾಟಿ ಇಳಿದು ಗುಂಡ್ಯ ಸೇರಬೇಕು. ಭಾರದ ಗಾಡಿಯನ್ನು ಬರೀ ಬ್ರೇಕಿನಲ್ಲಿ ಹಿಡಿದರೆ ಡ್ರಮ್ಮು ಕಾದು ಹಿಡಿತ ತಪ್ಪುತ್ತದೆ. ಅನುಭವಸ್ಥರು ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯಲ್ಲೇ ಇಳಿಸುತ್ತಾರೆ. ನಿದ್ದೆಗೆಟ್ಟವನಿಂದ ಆಗುವ ಕೆಲಸವಲ್ಲ ಅದು. ಮಳೆಗಾಲವಾದರೆ ಗುಡ್ಡ ಕುಸಿಯುವ ಭಯ ಬೇರೆ: 2018ರ ಆಗಸ್ಟಿನಲ್ಲಿ ಶಿರಾಡಿ, ಸಂಪಾಜೆ ಎರಡೂ ದಾರಿ ಮುಚ್ಚಿದ್ದವು, 2024ರ ಜುಲೈಯಲ್ಲಿ ದೊಡ್ಡತಪ್ಲು ಬಳಿ ಮಣ್ಣು ಜಾರಿ ಲಾರಿಗಳು ಸಾಲುಗಟ್ಟಿ ನಿಂತವು.

ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆಯಾದ ಮೇಲೆ ಅರ್ಧ ಗಂಟೆ ವಿರಾಮವೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಆದರೆ ಐದು ಜನ ಕೆಲಸಗಾರರೂ ಇಲ್ಲದ ಒಂಟಿ ಲಾರಿಯವರಿಗೆ ಅದು ತಾನಾಗಿ ಅನ್ವಯಿಸಲಿಲ್ಲ. ನಮ್ಮ ಅಡಿಕೆ, ಕಾಫಿ ಸಾಗಿಸುವವರು ಹೆಚ್ಚಾಗಿ ಅವರೇ.

ಕಳೆದ ಸುಗ್ಗಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಗೋದಾಮಿಗೆ ಬಂದ ಲಾರಿ ತುಂಬುವಾಗ ರಾತ್ರಿ ಒಂಬತ್ತು. ತೂಕವಾಗಿರಲಿಲ್ಲ, ಚೀಟಿ ಕಟ್ಟಿರಲಿಲ್ಲ. (ಕಾರ್ಯದರ್ಶಿಯಾದ ನನ್ನ ತಪ್ಪೂ ಇದೆ.) "ಪರವಾಗಿಲ್ಲ ಸಾರ್, ಬೆಳಗಾಗೋದ್ರೊಳಗೆ ಮುಟ್ಟಿಸ್ತೀನಿ" ಎಂದ ಚಾಲಕ. ಕಣ್ಣು ಕೆಂಪಾಗಿತ್ತು. ಬೇಡವೆಂದು ಗೋದಾಮಿನಲ್ಲೇ ಚಾಪೆ ಹಾಸಿಸಿ ಮಲಗಿಸಿದೆ.

ಈ ಸಲ ಲೋಡಿನ ಹಿಂದಿನ ಸಂಜೆಯೊಳಗೇ ಸದಸ್ಯರು ಮೂಟೆ ತೂಗಿಸಿ, ಚೀಟಿ ಕಟ್ಟಿಸಿಡಬೇಕಾಗಿ ವಿನಂತಿ.