ಗುಚ್ಛಿಯನ್ನು ಸೀಳಿ ನೋಡಿರಿ

ನಮ್ಮ ಮಲೆನಾಡು, ಕರಾವಳಿಗಳಲ್ಲಿ ಅಣಬೆಯೆಂದರೆ ಮುಂಗಾರಿನ ಮಳೆಗೆ ಹುತ್ತದ ಮೇಲೆ ಏಳುವ ವಸ್ತು. ಹಿಮಾಲಯದಲ್ಲಿ ಹಾಗಲ್ಲ. ಅಲ್ಲಿ ಹಿಮ ಕರಗುವ ವಸಂತದಲ್ಲಿ, ಮಾರ್ಚಿಯಿಂದ ಮೇ ತಿಂಗಳವರೆಗೆ, ಕಾಶ್ಮೀರ ಹಿಮಾಚಲಗಳ ದೇವದಾರು ವನಗಳಲ್ಲಿ ಗುಚ್ಛಿಯೆಂಬ ಅಣಬೆ ತಲೆಯೆತ್ತುತ್ತದೆ. ಹಳ್ಳಿಗರು ಅದನ್ನು ಆಯ್ದು, ದಾರಕ್ಕೆ ಪೋಣಿಸಿ ಒಣಗಿಸುತ್ತಾರೆ. ಆ ಸರಗಳು ದಿಲ್ಲಿಯ ಖಾರಿ ಬಾವಲಿಯ ಅಂಗಡಿಗಳಲ್ಲಿ ಕಿಲೋವೊಂದಕ್ಕೆ ಹಲವು ಸಾವಿರ ರೂಪಾಯಿ ಬಾಳುತ್ತವೆ. ಉಡುಪಿ ಹೋಟೆಲಿನ ಸಾಂಬಾರಿಗೆ ಇದರ ಗೊಡವೆಯಿಲ್ಲವೆನ್ನಿ. ಆದರೆ ದೊಡ್ಡ ಹೋಟೆಲುಗಳ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ತರುಣರ ಕೈಗೆ ಅದು ಬರುವುದುಂಟು.

ನಿಜವಾದ ಗುಚ್ಛಿಯ ತಲೆ ಜೇನುಹುಟ್ಟಿನಂತೆ ಗುಳಿಗುಳಿಯಾಗಿರುತ್ತದೆ. ಉದ್ದಕ್ಕೆ ಸೀಳಿದರೆ ತುದಿಯಿಂದ ಬುಡದವರೆಗೆ ಒಂದೇ ಪೊಳ್ಳು. ಇದನ್ನು ಹೋಲುವ ಕಳ್ಳ ಗುಚ್ಛಿಯೊಂದುಂಟು. ಅದರ ತಲೆಯಲ್ಲಿ ಗುಳಿಗಳಿಲ್ಲ. ಮೆದುಳಿನಂತೆ ಸುಕ್ಕುಸುಕ್ಕಾದ ಮಡಿಕೆಗಳಿವೆ. ಸೀಳಿದಾಗ ಒಳಗೆ ತಿರುಳೋ ಸಣ್ಣ ಸಣ್ಣ ಗೂಡುಗಳೋ ಕಾಣುತ್ತವೆ. ಅದರಲ್ಲಿರುವ ಗೈರೋಮಿಟ್ರಿನ್ ಎಂಬ ವಿಷವು ರಾಕೆಟ್ಟಿನ ಇಂಧನವಾಗಿ ಬಳಸುವ ಒಂದು ರಾಸಾಯನಿಕವಾಗಿ ಮಾರ್ಪಡತಕ್ಕದ್ದು. ಉಣ್ಣುವವನಿಗೆ ಮಾತ್ರವಲ್ಲ, ಬೇಯಿಸುವಾಗ ಅದರ ಆವಿಯನ್ನು ಸೇವಿಸುವ ಅಡಿಗೆಯವನಿಗೂ ಅಪಾಯ. ಒಣಗಿದ ಸರಕು ಮುದುಡಿರುವುದರಿಂದ ನೀರಿನಲ್ಲಿ ನೆನೆಸಿ, ಒಂದೊಂದನ್ನೂ ಸೀಳಿ ನೋಡುವುದು ಲೇಸು. ಒಳಗಿನ ಮರಳೂ ಹೋಗುತ್ತದೆ.

ನಿಜವಾದ ಗುಚ್ಛಿಯಾದರೂ ಹಸಿಯಾಗಿ ಬಡಿಸಲಾಗದು. ಅಮೆರಿಕದ ಮೊಂಟಾನಾ ಪ್ರಾಂತದ ಹೋಟೆಲೊಂದರಲ್ಲಿ 2023ರ ಮಾರ್ಚಿ, ಏಪ್ರಿಲುಗಳಲ್ಲಿ ಹಸಿಯಾದ, ಅರೆಬೆಂದ ಗುಚ್ಛಿಯನ್ನು ಬಡಿಸಲಾಗಿತ್ತು. ಅಲ್ಲಿ ಉಂಡವರಲ್ಲಿ 51 ಮಂದಿ ಅಸ್ವಸ್ಥರಾದರು, ಇಬ್ಬರು ತೀರಿಕೊಂಡರು.

ಇದಕ್ಕಿಂತ ಭಯಂಕರವಾದುದು ಕೊಡೆಯಾಕಾರದ ಬಿಳಿ ಅಣಬೆಗಳಲ್ಲಿ ಅಡಗಿದೆ. 2022ರ ಏಪ್ರಿಲಿನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಮಡಿದರು. ಚಹಾತೋಟದ ಬಡಜನರೇ ಹೆಚ್ಚು. ಅಮಾನಿಟಾ ಕುಲದ ಮಾರಕ ಜಾತಿಗಳಿಗೆ ಕೊಡೆಯ ಕೆಳಗೆ ಬಿಳಿ ಪದರಗಳು, ಕಾಂಡಕ್ಕೊಂದು ಬಳೆ, ಬುಡದಲ್ಲಿ ಚೀಲದಂತಹ ಹೊದಿಕೆ ಇರುತ್ತವೆ. ಮೇಲಿನಿಂದ ಚಿವುಟಿದರೆ ಆ ಚೀಲ ಮಣ್ಣಿನಲ್ಲಿಯೇ ಉಳಿದು ಗುರುತು ತಪ್ಪುತ್ತದೆ. ಬೆಳ್ಳಿ ಚಮಚ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ತಿರುಗುವುದು ಮುಂತಾದ ಪರೀಕ್ಷೆಗಳೆಲ್ಲ ಶುದ್ಧ ಸುಳ್ಳು. ಕುದಿಸಿದರೂ ಈ ವಿಷ ಸಾಯದು. ತಿಂದು ಆರು ಗಂಟೆಗಳಾದ ಮೇಲೆ, ಒಮ್ಮೊಮ್ಮೆ ಮರುದಿನವೇ, ವಾಂತಿಭೇದಿ ತೊಡಗುತ್ತದೆ. ನಡುವೆ ಗುಣವಾದಂತೆ ತೋರಿ, ಬಳಿಕ ಯಕೃತ್ತು ಕೆಡುತ್ತದೆ. ಆದುದರಿಂದ ವಾಂತಿ ನಿಂತಿತೆಂದು ರೋಗಿಯನ್ನು ಮನೆಯಲ್ಲಿ ಮಲಗಿಸದೆ, ಉಳಿದ ಅಣಬೆಯ ತುಂಡಿನೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.