ಅಂಗಡಿಯ ಗಣಕಯಂತ್ರಕ್ಕೆ ಬೀಗವೋ, ಸ್ವಾತಂತ್ರ್ಯವೋ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಮುಕ್ತಾಯಗೊಂಡಿತು. ವಿಂಡೋಸ್ 11ಕ್ಕೆ ಹೊಂದದ ಹಳೆಯ ಗಣಕಯಂತ್ರಗಳಲ್ಲೇ ಬಿಲ್ಲು, ದಾಸ್ತಾನುಗಳ ಲೆಕ್ಕವಿಡುವ ವರ್ತಕರೂ ಸಣ್ಣ ಉದ್ದಿಮೆದಾರರೂ ಲಿನಕ್ಸ್‌ನತ್ತ ದೃಷ್ಟಿ ಹರಿಸುವುದು ಸಹಜವೇ ಆಗಿದೆ. ಅದು ಉಚಿತ, ಬೇಕಾದಂತೆ ಮಾರ್ಪಡಿಸಿಕೊಳ್ಳಲೂ ಬರುತ್ತದೆ. ಈ ಎರಡನೆಯ ಗುಣವೇ ಅಂಗಡಿಯಲ್ಲಿ ತೊಡಕಾಗುವುದುಂಟು.

ಗಲ್ಲಾದ ಪಕ್ಕದ ಗಣಕವನ್ನು ಹಲವರು ಮುಟ್ಟುತ್ತಾರೆ. ಒಬ್ಬರು ಪ್ರಿಂಟರಿಗೆಂದು ಏನನ್ನೋ ಸೇರಿಸುತ್ತಾರೆ, ಮತ್ತೊಬ್ಬರು ಜಾಗ ಸಾಲದೆಂದು ಏನನ್ನೋ ಅಳಿಸುತ್ತಾರೆ. ತಿಂಗಳ ಕೊನೆಗೆ ಬಿಲ್ಲು ಮುದ್ರಣವಾಗದಿದ್ದಾಗ ಬದಲಾದುದೇನೆಂದು ಹೇಳಬಲ್ಲವರು ಸಿಗುವುದಿಲ್ಲ.

ಫೆಡೋರಾ ಸಿಲ್ವರ್‌ಬ್ಲೂ ಇದಕ್ಕೊಂದು ಉತ್ತರ. ಅದರಲ್ಲಿ ವ್ಯವಸ್ಥೆಯ ಮೂಲಭಾಗವನ್ನು ಓದಬಹುದೇ ಹೊರತು ತಿದ್ದಲಾಗದು. ನವೀಕರಣವು ಬಿಡಿಬಿಡಿಯಾಗಿ ಬಾರದೆ ಇಡಿಯಾಗಿ ಬಂದು, ಗಣಕವನ್ನು ಮತ್ತೆ ಆರಂಭಿಸಿದಾಗ ಜಾರಿಗೆ ಬರುತ್ತದೆ. ತೊಂದರೆಯಾದರೆ ಆರಂಭದ ಪಟ್ಟಿಯಲ್ಲಿ ಹಿಂದಿನ ಆವೃತ್ತಿಯನ್ನು ಆರಿಸಿದರಾಯಿತು. ಲೆಕ್ಕದ ಕಡತಗಳು ಇದ್ದಂತೆಯೇ ಇರುತ್ತವೆ. ಆದರೆ ಫೆಡೋರಾದ ಪ್ರತಿ ಆವೃತ್ತಿಗೂ ಸುಮಾರು 13 ತಿಂಗಳಷ್ಟೇ ಬೆಂಬಲ. ಬೀಗವಿದ್ದ ಮಾತ್ರಕ್ಕೆ ದೀರ್ಘಾಯುಷ್ಯವೆಂದು ಭಾವಿಸಲಾಗದು. ಡೆಬಿಯನ್‌ನದು ಇದಕ್ಕೆ ವ್ಯತಿರಿಕ್ತ: ಬೀಗವಿಲ್ಲ, ಬದಲಾವಣೆಯೂ ವಿರಳ. 2025ರ ಆಗಸ್ಟ್‌ನಲ್ಲಿ ಬಂದ ಅದರ 13ನೇ ಆವೃತ್ತಿಗೆ ಒಟ್ಟು ಐದು ವರ್ಷಗಳ ಬೆಂಬಲವಿದ್ದು, ಮುಖ್ಯವಾಗಿ ಭದ್ರತೆಯ ಹಾಗೂ ಗಂಭೀರ ದೋಷಗಳ ಪರಿಹಾರಗಳು ಮಾತ್ರ ಬರುತ್ತವೆ.

ಹಾಗಾದರೆ ಮಾರ್ಪಡಿಸುವ ಸ್ವಾತಂತ್ರ್ಯ ವ್ಯರ್ಥವೇ? ಸೆಂಟ್‌ಓಎಸ್‌ನ ಪ್ರಸಂಗ ಬೇರೆಯದನ್ನೇ ಹೇಳುತ್ತದೆ. 2029ರವರೆಗೆ ಬೆಂಬಲವಿರುವುದೆಂದು ನಂಬಿದ್ದ ಅದರ 8ನೇ ಆವೃತ್ತಿಯನ್ನು 2021ರ ಅಂತ್ಯಕ್ಕೇ ನಿಲ್ಲಿಸುವುದಾಗಿ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಯಿತು. ಸರ್ವರ್‌ಗಳಲ್ಲಿ ಅದನ್ನೇ ನೆಚ್ಚಿದ್ದವರು ಕಂಗಾಲಾದರು. ಮೂಲ ಸಂಕೇತವು ಮುಕ್ತವಾಗಿದ್ದುದರಿಂದ 2021ರಲ್ಲೇ ಅಲ್ಮಾಲಿನಕ್ಸ್, ರಾಕಿ ಲಿನಕ್ಸ್‌ಗಳು ಹುಟ್ಟಿಕೊಂಡು ಆ ಸ್ಥಾನವನ್ನು ತುಂಬಿದವು. ಸ್ವಾತಂತ್ರ್ಯದ ನಿಜವಾದ ಬೆಲೆ ಇಲ್ಲಿದೆ. ಪರದೆಯ ಬಣ್ಣ ಬದಲಿಸುವುದರಲ್ಲಿ ಅಲ್ಲ. ಸಿಬ್ಬಂದಿಯ ಕೈಗೆ ಬೀಗವಿರಲಿ, ಕೀಲಿಕೈ ಮಾಲೀಕರ ಬಳಿಯಿರಲಿ ಎನ್ನುವ ವ್ಯವಸ್ಥೆಯೇ ವ್ಯಾಪಾರಕ್ಕೆ ಹೊಂದುತ್ತದೆ.

ಗಣಕದಲ್ಲಿ ಸ್ಥಾಪಿಸುವ ಟ್ಯಾಲಿ ವಿಂಡೋಸ್‌ಗಾಗಿ ರೂಪಿತವಾದುದೆಂಬುದನ್ನು ಮರೆಯುವಂತಿಲ್ಲ. ಬಿಲ್ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್‌ಗಳೂ ಲಿನಕ್ಸ್‌ಗೆ ಒಗ್ಗುವುವೇ ಎಂದು ಮೊದಲು ನೋಡಬೇಕು. ಒಂದೇ ಗಣಕದಲ್ಲಿ ಒಂದು ತಿಂಗಳ ಬಿಲ್ಲುಗಳನ್ನೂ ಜಿಎಸ್‌ಟಿ ವಿವರಗಳ ಸಲ್ಲಿಕೆಯನ್ನೂ ಪೂರ್ತಿ ನಡೆಸಿ ಪರೀಕ್ಷಿಸುವವರೆಗೆ ಉಳಿದ ಗಣಕಗಳನ್ನು ಮುಟ್ಟದಿರುವುದು ಒಳಿತು.